ಒಂದೇ ದೋಣಿ, ಎರಡು ದೇಶ

ಆಫೀಸಿನ ಟೀಮ್ ಮೀಟಿಂಗ್‌ಗಳಲ್ಲಿ 'ನಾವೆಲ್ಲ ಒಂದೇ ದೋಣಿಯಲ್ಲಿದ್ದೇವೆ' ಅನ್ನೋ ಡೈಲಾಗ್ ಒಂದು ಸಲವಾದರೂ ಬಂದೇ ಬರುತ್ತೆ. ಹಾಗನ್ನೋರು ಸಾಮಾನ್ಯವಾಗಿ ಹುಟ್ಟು ಹಾಕೋರಲ್ಲ, ಅದು ಬೇರೆ ಮಾತು. ಅದನ್ನು ಕೇಳಿದಾಗಲೆಲ್ಲ ನನಗೆ ನೆನಪಾಗೋದು 2018ರ ಆಗಸ್ಟ್ 26ರಂದು ಇಂಡೋನೇಷ್ಯಾದ ಪಾಲೆಂಬಾಂಗ್‌ನಲ್ಲಿ ನಡೆದ ಒಂದು ರೇಸು.

ಅದು ಏಷ್ಯನ್ ಗೇಮ್ಸ್‌ನ ಡ್ರ್ಯಾಗನ್ ಬೋಟ್ ಸ್ಪರ್ಧೆ. ಕೇರಳದ ವಳ್ಳಂಕಳಿ ನೋಡಿದವರಿಗೆ ಅಂದಾಜು ಸಿಗುತ್ತೆ, ದೋಣಿ ಮಾತ್ರ ಚಿಕ್ಕದು, ಮುಂದೆ ಡ್ರ್ಯಾಗನ್ ತಲೆ. ಮೂಲ ಚೀನಾದ್ದು. ಕವಿ ಚೂ ಯುವಾನ್ ಮಿಲುವೊ ನದಿಗೆ ಹಾರಿದಾಗ ಊರಿನವರು ಅವನನ್ನು ಉಳಿಸೋಕೆ ದೋಣಿ ಹತ್ತಿ ಧಾವಿಸಿದರು ಅನ್ನೋದು ಜನಪ್ರಿಯ ಕತೆ. 1976ರಲ್ಲಿ ಹಾಂಗ್‌ಕಾಂಗ್ ಇದನ್ನು ಅಂತರರಾಷ್ಟ್ರೀಯ ಸ್ಪರ್ಧೆ ಮಾಡಿತು, 2010ರಲ್ಲಿ ಇದು ಏಷ್ಯನ್ ಗೇಮ್ಸ್‌ಗೂ ಬಂತು. ಪಾಲೆಂಬಾಂಗ್‌ನ ದೋಣಿಯಲ್ಲಿ ಹುಟ್ಟು ಹಾಕೋರು 10 ಜನ, ಡೋಲು ಬಡಿಯೋಕೆ ಒಬ್ಬರು, ಚುಕ್ಕಾಣಿಗೆ ಒಬ್ಬರು. ಇಲ್ಲಿ ಸ್ಟಾರ್ ಆಟಗಾರರಿಗೆ ಜಾಗವಿಲ್ಲ. ಎಷ್ಟೇ ಬಲ ಇರಲಿ, ನಿಮ್ಮ ಹುಟ್ಟು ಮುಂದಿನವರಿಗಿಂತ ಒಂದು ಕ್ಷಣ ಮೊದಲು ನೀರಿಗೆ ಬಿದ್ದರೆ ನಿಮ್ಮಿಂದ ದೋಣಿಗೆ ನಷ್ಟವೇ.

ಇಂಥ ದೋಣಿಗೆ ಜನರನ್ನು ಆರಿಸೋದೇ ಕಷ್ಟ. ಆ ವರ್ಷ ಕೊರಿಯಾದವರು ಆರಿಸಿದ್ದು ಎರಡು ದೇಶಗಳಿಂದ.

2018ರ ಏಪ್ರಿಲ್ 27ರಂದು ಪನ್‌ಮುಂಜೊಮ್‌ನಲ್ಲಿ ಉತ್ತರ, ದಕ್ಷಿಣ ಕೊರಿಯಾ ನಾಯಕರು ಕೈಕುಲುಕಿದರು. ಮುಂದೆ ಅಧಿಕಾರಿಗಳು ಕೂತು ಮಹಿಳಾ ಬ್ಯಾಸ್ಕೆಟ್‌ಬಾಲ್, ರೋಯಿಂಗ್, ಡ್ರ್ಯಾಗನ್ ಬೋಟ್ ಮೂರರಲ್ಲೂ ಜಂಟಿ ತಂಡ ಅಂತ ತೀರ್ಮಾನಿಸಿದರು. ಉತ್ತರದವರು ದಕ್ಷಿಣದ ಚುಂಗ್‌ಜು ಊರಿನ ಕೆರೆಗೆ ಬಂದಿಳಿದಿದ್ದು ಜುಲೈ ಕೊನೆಗೆ. ಒಟ್ಟಿಗೆ ಅಭ್ಯಾಸಕ್ಕೆ ಸಿಕ್ಕಿದ್ದು ಸುಮಾರು ಮೂರು ವಾರ. ನಮ್ಮಲ್ಲಿ ಹೊಸ ಜಾಯ್ನಿಗೆ ಲ್ಯಾಪ್‌ಟಾಪ್ ಕೈಗೆ ಸಿಗೋಕೇ ಅಷ್ಟು ಹಿಡಿಯುತ್ತೆ.

ಇಲ್ಲಿ ಒಂದು ಹಳೆ ಜಗಳ ಹೇಳಲೇಬೇಕು. ಅದೇ ವರ್ಷ ಫೆಬ್ರವರಿಯಲ್ಲಿ ಪ್ಯೊಂಗ್‌ಚಾಂಗ್ ಚಳಿಗಾಲದ ಒಲಿಂಪಿಕ್ಸ್‌ಗೆ ದಕ್ಷಿಣದ ಮಹಿಳಾ ಐಸ್ ಹಾಕಿ ತಂಡದ 23 ಜನರ ಜೊತೆ ಉತ್ತರದ 12 ಜನರನ್ನು ಕೊನೇ ಗಳಿಗೆಯಲ್ಲಿ ಸೇರಿಸಿದ್ದರು. ಪ್ರತಿ ಪಂದ್ಯಕ್ಕೂ ಕನಿಷ್ಠ 3 ಜನ ಉತ್ತರದವರು ಇರಲೇಬೇಕು ಅಂತ ಕಂಡೀಷನ್. ದಕ್ಷಿಣದ ಇಪ್ಪತ್ತು–ಮೂವತ್ತರ ವಯಸ್ಸಿನವರು ಸಿಟ್ಟಾದರು. ವರ್ಷಗಟ್ಟಲೆ ಬೆವರು ಸುರಿಸಿದವಳ ಜಾಗವನ್ನು ರಾಜಕೀಯ ಯಾಕೆ ಕಿತ್ಕೋಬೇಕು? ತಂಡ ಐದಕ್ಕೆ ಐದೂ ಪಂದ್ಯ ಸೋತಿತು. ನಾನೂ ಆಗ ಆ ಸಿಟ್ಟಾದವರ ಕಡೆಗೇ ಇದ್ದೆ.

ದೋಣಿಯ ವಿಷಯದಲ್ಲಿ ಅಂಥ ಗಲಾಟೆ ಏಳಲಿಲ್ಲ. ಕಾರಣ ಸರಳ ಅನ್ಸುತ್ತೆ: ಈ ಆಟ ಅಲ್ಲಿ ಯಾರಿಗೂ ಅಷ್ಟು ಗೊತ್ತಿರಲಿಲ್ಲ. ಉತ್ತರದವಳೊಬ್ಬಳು ಕೂತ ಪ್ರತಿ ಸೀಟಿಗೂ ದಕ್ಷಿಣದ ಒಬ್ಬಳು ಊರಲ್ಲೇ ಉಳಿದಿರಬೇಕಲ್ಲ. ಅವರ ಬಗ್ಗೆ ನಾನು ಓದಿದ ಯಾವ ಸುದ್ದಿಯಲ್ಲೂ ಒಂದು ಸಾಲಿರಲಿಲ್ಲ. ಚಿನ್ನ ಗೆದ್ದರು ಅಂದ ಮಾತ್ರಕ್ಕೆ ಆ ಪ್ರಶ್ನೆ ಹೋಗಲ್ಲ.

ಹೌದು, ಗೆದ್ದರು. ಹಿಂದಿನ ದಿನ 200 ಮೀಟರ್‌ನಲ್ಲಿ ಚೀನಾಕ್ಕೆ ಚಿನ್ನ, ಇವರಿಗೆ ಕಂಚು. ಮಾರನೇ ದಿನ 500 ಮೀಟರ್. ಅರ್ಧ ಸೆಕೆಂಡಿಗೂ ಕಡಿಮೆ ಅಂತರದಲ್ಲಿ ಚೀನಾವನ್ನು ಹಿಂದೆ ಹಾಕಿದರು. ಇಂಥ ಬಹುಕ್ರೀಡಾ ಕೂಟದಲ್ಲಿ ಜಂಟಿ ಕೊರಿಯಾಗೆ ಅದೇ ಮೊದಲ ಚಿನ್ನ. ಯಾರ ರಾಷ್ಟ್ರಗೀತೆ ಹಾಕೋದು? ಎರಡನ್ನೂ ಹಾಕಲಿಲ್ಲ. ಎರಡೂ ಕಡೆಯವರಿಗೆ ಬರುವ ಜಾನಪದ ಹಾಡು 'ಆರಿರಾಂಗ್' ನುಡಿಸಿದರು, ಬಿಳಿ ಬಟ್ಟೆ ಮೇಲೆ ನೀಲಿ ಭೂಪಟ ಇರುವ ಬಾವುಟ ಏರಿಸಿದರು. ಡೋಲಿನ ಒಂದೇ ಲಯಕ್ಕೆ ಹನ್ನೆರಡು ಜನ ಸಿಕ್ಕಿದರೆ ಮೂರು ವಾರವೂ ಸಾಕಾಗುತ್ತೆ, ಹಾಕಿಗೆ ಸಾಕಾಗಲ್ಲ.

2019ರಲ್ಲಿ ಹನೋಯ್ ಮಾತುಕತೆ ಮುರಿದುಬಿತ್ತು. ಟೋಕಿಯೋ ಒಲಿಂಪಿಕ್ಸ್‌ಗೆ ಉತ್ತರದವರು ಬರಲೇ ಇಲ್ಲ. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನ ಮಹಿಳಾ ಬ್ಯಾಸ್ಕೆಟ್‌ಬಾಲ್‌ನಲ್ಲಿ ಎರಡೂ ದೇಶ ಎರಡು ಸಲ ಎದುರಾದವು, 2018ರಲ್ಲಿ ಒಂದೇ ಜೆರ್ಸಿಯಲ್ಲಿ ಬೆಳ್ಳಿ ಗೆದ್ದಿದ್ದ ಕೆಲವರು ಈಗ ಎದುರು ಬದುರು. 2018ರ ಪದಕಪಟ್ಟಿ ಈಗಲೂ ನೋಡಬಹುದು. ದಕ್ಷಿಣಕ್ಕೊಂದು ಸಾಲು, ಉತ್ತರಕ್ಕೊಂದು ಸಾಲು, ಆಮೇಲೆ ಬರೀ 'ಕೊರಿಯಾ' ಅಂತ ಇನ್ನೊಂದು: ಚಿನ್ನ 1, ಬೆಳ್ಳಿ 1, ಕಂಚು 2.