ನಳ್ಳಿಯ ಹಿಂದಿನ ಗುತ್ತಿಗೆ

ನೀರಿನ ಖಾಸಗೀಕರಣ ಎಂದೊಡನೆ ಹುಬ್ಬಳ್ಳಿ-ಧಾರವಾಡದ ಹೆಸರು ಬರುತ್ತದೆ. ದಕ್ಷಿಣ ಕನ್ನಡದ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳನ್ನು ಯಾರೂ ನೆನೆಯುವುದಿಲ್ಲ. ಇಲ್ಲಿಗೆ ದೊಡ್ಡ ಕಂಪೆನಿ ಬಂದಿಲ್ಲ, ನಿಜ. ಆದರೆ ಖಾಸಗಿಯವರು ಬಂದಿದ್ದಾರೆ, ಟೆಂಡರ್‌ ಮೂಲಕ, ತುಂಡುತುಂಡಾಗಿ, ಸದ್ದಿಲ್ಲದೆ.

ಈ ಸೀಮೆಯಲ್ಲಿ ನೀರು ಮೊದಲು ಮನೆಯ ಹೊಣೆಯಾಗಿತ್ತು. ಅಂಗಳದಲ್ಲಿ ಬಾವಿ; ಮಾಣಿಲ, ಅಡ್ಯನಡ್ಕದ ಗುಡ್ಡಗಳಲ್ಲಿ ಮುರಕಲ್ಲು ಕೊರೆದ ಸುರಂಗ. ಬೋಳುಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆದು ನೀರು ತಂದ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಸಂದಿತು. ಸಾರ್ವಜನಿಕ ನಳ್ಳಿ ಬಂದದ್ದು ಆಮೇಲೆ, ಅದೂ ಮೊದಲು ಪೇಟೆಗೆ. ಬಂಟ್ವಾಳಕ್ಕೆ ನೇತ್ರಾವತಿ, ಬೆಳ್ತಂಗಡಿಗೆ ಸೋಮಾವತಿ, ಮೂಡುಬಿದಿರೆಗೆ ಪುಚ್ಚೆಮೊಗರುವಿನಲ್ಲಿ ಫಲ್ಗುಣಿ. ಯೋಜನೆ ಕಟ್ಟಿಕೊಡುವುದು ರಾಜ್ಯದ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ, ನಡೆಸುವುದು ಪುರಸಭೆ ಅಥವಾ ಪಟ್ಟಣ ಪಂಚಾಯತ್‌ ಎಂಬುದು ಸಾಮಾನ್ಯ ಪದ್ಧತಿ.

2002ರ ರಾಷ್ಟ್ರೀಯ ಜಲನೀತಿ ಖಾಸಗಿ ಪಾಲುದಾರಿಕೆಗೆ ಬಾಗಿಲು ತೆರೆಯಿತು. ವಿಶ್ವಬ್ಯಾಂಕ್‌ ಸಾಲದಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ಬಡಾವಣೆಗಳ ನೀರು ಪೂರೈಕೆಯನ್ನು ಫ್ರಾನ್ಸಿನ ವಿಯೋಲಿಯಾ ಕಂಪೆನಿಗೆ ವಹಿಸಲಾಯಿತು. 2008ರ ಹೊತ್ತಿಗೆ ಅಲ್ಲಿ ದಿನದ 24 ಗಂಟೆಯೂ ನೀರು ಹರಿಯಿತು. ಅದು ಸಾಧನೆಯೇ. ಆದರೆ ಪಕ್ಕದ ಬಡಾವಣೆಗಳವರು ಹತ್ತಕ್ಕೂ ಹೆಚ್ಚು ವರ್ಷ ಕಾದರು. ಮೈಸೂರಿನಲ್ಲಿ ಜಸ್ಕೋ ಕಂಪೆನಿಯ ಗುತ್ತಿಗೆ ವಿರೋಧ ಎದುರಿಸಿತು. ಮಂಗಳೂರಿಗೆ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ನೆರವಿನ ಜಲಸಿರಿ ಯೋಜನೆಯಲ್ಲಿ ಖಾಸಗಿ ಕಂಪೆನಿ ಸುಯೆಜ್‌ ಬಂತು.

ಸಣ್ಣ ಪೇಟೆಗೆ ಇಂಥ ಕಂಪೆನಿ ಏಕೆ ಬಂದೀತು? ಸಂಪರ್ಕಗಳು ಕಡಿಮೆ, ಏರುತಗ್ಗು ಹೆಚ್ಚು, ಅರ್ಧ ಊರಿಗೆ ಸ್ವಂತ ಬಾವಿಯಿದೆ. ಹೀಗಾಗಿ ಸಣ್ಣ ಪೇಟೆಗಳಲ್ಲಿ ಸೇವೆಯನ್ನು ಬಿಡಿಬಿಡಿಯಾಗಿ ಕೊಡುವುದು ರೂಢಿ: ಪಂಪು ರಿಪೇರಿ ಒಬ್ಬರಿಗೆ, ಪೈಪಿನ ಕೆಲಸ ಮತ್ತೊಬ್ಬರಿಗೆ, ನೀರು ಬಿಡುವ ಸಿಬ್ಬಂದಿ ಹೊರಗುತ್ತಿಗೆಯ ಏಜೆನ್ಸಿಯಿಂದ. ಯಾವ ವಾಲ್ವ್‌ ಎಷ್ಟು ತಿರುಗಿಸಿದರೆ ಯಾವ ಓಣಿಗೆ ನೀರೇರುತ್ತದೆ ಎಂಬ ತಿಳಿವಳಿಕೆ ಈ ಸಿಬ್ಬಂದಿಯ ಕೈಯಲ್ಲಿದೆ, ಯಾವ ಕಡತದಲ್ಲೂ ಇಲ್ಲ. ಪೌರಕಾರ್ಮಿಕರಂತೆ ತಮಗೂ ನೇರ ಪಾವತಿ ಬೇಕೆಂದು ರಾಜ್ಯದುದ್ದಕ್ಕೂ ನೀರು ಸರಬರಾಜಿನ ಹೊರಗುತ್ತಿಗೆ ನೌಕರರು ಕೇಳುತ್ತ ಬಂದಿರುವುದು ನ್ಯಾಯವಾದ ಬೇಡಿಕೆ.

ಹಳ್ಳಿಗಳ ಕಡೆ ಸಂಗಬೆಟ್ಟು, ಕರೋಪಾಡಿ, ಮಾಣಿಯ ಬಹುಗ್ರಾಮ ಯೋಜನೆಗಳು ಬಂದವು. ಇಂಥವುಗಳಲ್ಲಿ ಕಟ್ಟಿದ ಗುತ್ತಿಗೆದಾರನೇ ಕೆಲವು ವರ್ಷ ನಡೆಸುವ ಕರಾರು ಸಾಮಾನ್ಯ. ಅವಧಿ ಮುಗಿದಾಗ ವಿದ್ಯುತ್‌ ಬಿಲ್ಲು, ಸವೆದ ಪಂಪು, ಒಡೆದ ಪೈಪು ಎಲ್ಲವೂ ಪಂಚಾಯತ್‌ಗಳ ತಲೆಗೆ. 2019ರ ಜಲಜೀವನ್‌ ಮಿಷನ್‌ ದಿನಕ್ಕೆ ತಲಾ 55 ಲೀಟರಿನ ಭರವಸೆಯನ್ನು ಈ ಹೊರೆಯ ಮೇಲೆ ಹೊರಿಸಿತು.

ನಳ್ಳಿಗಿಂತ ಮೇಲೆ, ನೇತ್ರಾವತಿ ನದಿಯಲ್ಲಿ ನಡೆಯುವುದೇ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಬಂಟ್ವಾಳ ತಾಲೂಕಿನ ಶಂಭೂರಿನಲ್ಲಿ ಎಎಂಆರ್‌ ಎಂಬ ಖಾಸಗಿ ಕಂಪೆನಿಯ ಜಲವಿದ್ಯುತ್‌ ಅಣೆಕಟ್ಟಿದೆ. ಕೆಳಗೆ ತುಂಬೆಯ ಕಿಂಡಿ ಅಣೆಕಟ್ಟು, ಮಂಗಳೂರಿನ ಕುಡಿಯುವ ನೀರಿನ ಆಸರೆ. ಬಿಸಿಲು ಜೋರಾದ ವರ್ಷ ಶಂಭೂರಿನಿಂದ ನೀರು ಬಿಡಿಸಿ ತುಂಬೆ ತುಂಬಿಸಬೇಕು. ಸರಪಾಡಿಯಿಂದ ಎಂಆರ್‌ಪಿಎಲ್‌ ನೀರೆತ್ತುತ್ತದೆ. 2016ರ ಬರದಲ್ಲಿ ಆ ಸಾರ್ವಜನಿಕ ರಂಗದ ತೈಲ ಶುದ್ಧೀಕರಣಾಗಾರವೇ ಘಟಕಗಳನ್ನು ನಿಲ್ಲಿಸಬೇಕಾಯಿತು. 2019ರ ಮೇ ತಿಂಗಳಲ್ಲಿ ನೇತ್ರಾವತಿ ಸೊರಗಿ, ಕೆಲವು ದಿನ ಯಾತ್ರೆ ಮುಂದೂಡಿ ಎಂದು ಧರ್ಮಸ್ಥಳದ ಧರ್ಮಾಧಿಕಾರಿ ವೀರೇಂದ್ರ ಹೆಗ್ಗಡೆಯವರು ಭಕ್ತರನ್ನು ಕೋರಿದರು. ಇಂಥ ಮೇ ತಿಂಗಳಲ್ಲಿ ಖಾಸಗಿ ಟ್ಯಾಂಕರೇ ಊರಿನ ನಳ್ಳಿಯಾಗುತ್ತದೆ.

ಖಾಸಗಿಯವರು ಬೇಡವೆಂದು ನಾನು ಹೇಳುತ್ತಿಲ್ಲ. ಪಂಪು ಕೆಟ್ಟರೆ ಎಷ್ಟು ಗಂಟೆಯೊಳಗೆ ಸರಿಯಾಗಬೇಕು, ತಪ್ಪಿದರೆ ದಂಡವೆಷ್ಟು, ಬೇಸಗೆಯಲ್ಲಿ ಅಣೆಕಟ್ಟಿನ ಬಾಗಿಲು ತೆರೆಯಿಸುವ ಅಧಿಕಾರ ಯಾರದು: ಈ ಕರಾರುಗಳು ಕನ್ನಡದಲ್ಲಿ ಪುರಸಭೆಯ, ಪಂಚಾಯತ್‌ನ ಸೂಚನಾ ಫಲಕದಲ್ಲಿರಬೇಕು, ಟೆಂಡರ್‌ ನವೀಕರಣಕ್ಕೆ ಮೊದಲು ವಾರ್ಡ್‌ ಸಭೆ, ಗ್ರಾಮಸಭೆಗಳಲ್ಲಿ ಓದಿಸಬೇಕು.