ಉದ್ದೇಶಕ: ಭಾರತೀಯ ಗಣಿತದಲ್ಲಿ ಕಿರುಲೆಕ್ಕದ ಪರಂಪರೆ

ಭಾರತದ ಪ್ರಾಚೀನ ಗಣಿತ ಗ್ರಂಥಗಳಲ್ಲಿ ಎರಡು ಅಂಗಗಳು ಒಂದಕ್ಕೊಂದು ಆತುಕೊಂಡು ನಿಂತಿವೆ. ಲೆಕ್ಕ ಮಾಡುವ ಕ್ರಮವನ್ನು ಅಡಕವಾಗಿ ಹೇಳುವ ಸೂತ್ರ ಮೊದಲನೆಯದು. ಆ ಕ್ರಮದಿಂದ ಬಿಡಿಸಬೇಕಾದ ಪ್ರಶ್ನೆಯನ್ನು ಶಿಷ್ಯನ ಮುಂದಿಡುವ ಉದ್ದೇಶಕ, ಎಂದರೆ ಉದಾಹರಣೆಯ ಲೆಕ್ಕ, ಎರಡನೆಯದು. ಉದ್ದೇಶಕವು ಬಹುಮಟ್ಟಿಗೆ ಒಂದು ಪದ್ಯದೊಳಗೆ ಮುಗಿಯುವಷ್ಟು ಚಿಕ್ಕದಾಗಿರುತ್ತದೆ. ಗಣಿತದ ಇತಿಹಾಸವನ್ನು ಬರೆಯುವವರು ಸೂತ್ರಗಳಿಗೆ ಕೊಟ್ಟ ಗಮನವನ್ನು ಈ ಕಿರುಲೆಕ್ಕಗಳಿಗೆ ಕೊಟ್ಟಿರುವುದು ಕಡಿಮೆ. ಆದರೆ ಶಿಷ್ಯನ ಬುದ್ಧಿಯನ್ನು ಹರಿತಗೊಳಿಸಿದ್ದು, ಸೂತ್ರ ಎಲ್ಲಿಯವರೆಗೆ ಸಲ್ಲುತ್ತದೆ ಎಂಬುದನ್ನು ಒರೆಗೆ ಹಚ್ಚಿದ್ದು ಬಹಳ ಸಲ ಇವೇ ಎಂಬುದನ್ನು ಕನ್ನಡನಾಡಿನಲ್ಲಿ ಬೆಳೆದ ಗಣಿತ ಪರಂಪರೆಯೇ ಸ್ಪಷ್ಟವಾಗಿ ತೋರಿಸುತ್ತದೆ.

ಕ್ರಿ.ಶ. 499ರ ಸುಮಾರಿಗೆ ರಚಿತವಾದ ಆರ್ಯಭಟೀಯದ ಗಣಿತಪಾದದಲ್ಲಿರುವುದು ಕೇವಲ 33 ಪದ್ಯಗಳು. ಅವುಗಳಲ್ಲಿ ನಿಯಮಗಳಿವೆಯೇ ಹೊರತು ಅಭ್ಯಾಸದ ಲೆಕ್ಕಗಳಿಲ್ಲ. ಆ ಕೊರತೆಯನ್ನು ತುಂಬಿದವನು 629ರಲ್ಲಿ ಅದಕ್ಕೆ ಭಾಷ್ಯ ಬರೆದ ಒಂದನೆಯ ಭಾಸ್ಕರ; ಅವನು ಪ್ರತಿ ನಿಯಮದ ಹಿಂದೆಯೇ ಉದ್ದೇಶಕಗಳನ್ನು ಇಟ್ಟು, ಅವುಗಳನ್ನು ಬಿಡಿಸಿ ತೋರಿಸಿದನು. ಪೇಶಾವರದ ಹತ್ತಿರದ ಬಕ್ಷಾಲಿ ಎಂಬ ಹಳ್ಳಿಯಲ್ಲಿ 1881ರಲ್ಲಿ ಸಿಕ್ಕ ಭೂರ್ಜಪತ್ರದ ಹಸ್ತಪ್ರತಿಯಲ್ಲಿ ಈ ಬಿಡಿಸುವ ಕೆಲಸದ ಮೆಟ್ಟಿಲುಗಳು ಒಂದೊಂದಾಗಿ ಕಾಣಸಿಗುತ್ತವೆ: ಮೊದಲು ಸೂತ್ರ, ಬಳಿಕ ಉದಾಹರಣೆ, ಅದರ ಅಂಕಿಗಳನ್ನು ಸಾಲಾಗಿ ಬರೆದಿಡುವ ಸ್ಥಾಪನ, ಲೆಕ್ಕ ಮಾಡುವ ಕರಣ, ಕೊನೆಗೆ ಬಂದ ಉತ್ತರವನ್ನು ತಾಳೆ ನೋಡುವ ಪ್ರತ್ಯಯ. ಗುರುವಿನ ಬಾಯಿಂದ ಕೇಳಿ ಕಂಠಸ್ಥ ಮಾಡಿಕೊಳ್ಳಬೇಕಾಗಿದ್ದ ಕಾಲದಲ್ಲಿ ಲೆಕ್ಕವು ಛಂದಸ್ಸಿಗೆ ಒಳಪಟ್ಟು ಚಿಕ್ಕದಾಗಿರಬೇಕಾಗಿತ್ತು. ಹೀಗೆ ಅನಿವಾರ್ಯವಾಗಿ ಬಂದ ಸಂಕ್ಷಿಪ್ತತೆಯನ್ನೇ ಸಮರ್ಥರಾದ ಗಣಿತಜ್ಞರು ಒಂದು ಕಲೆಯಾಗಿ ಬೆಳೆಸಿದರು.

ಆ ಕಲೆ ಮೊದಲ ಬಾರಿಗೆ ಪೂರ್ಣವಾಗಿ ಅರಳಿದ್ದು ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಜೈನ ವಿದ್ವಾಂಸನಾದ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ ಗಣಿತಸಾರಸಂಗ್ರಹದಲ್ಲಿ. ಕವಿರಾಜಮಾರ್ಗವನ್ನು ಕನ್ನಡಕ್ಕೆ ಕೊಟ್ಟ ಆಸ್ಥಾನದ ಆಶ್ರಯದಲ್ಲಿಯೇ ಈ ಕೃತಿಯೂ ಹುಟ್ಟಿತು. ಅಲ್ಲಿಯವರೆಗೆ ಗಣಿತವು ಹೆಚ್ಚಾಗಿ ಜ್ಯೋತಿಷ ಗ್ರಂಥಗಳ ಒಂದು ಅಧ್ಯಾಯವಾಗಿ ಬರುತ್ತಿತ್ತು. ಮಹಾವೀರನಾದರೋ ಗ್ರಹಗತಿಯ ವಿಚಾರವನ್ನು ಬದಿಗಿಟ್ಟು, ಪರಿಭಾಷೆ, ಮೂಲ ಪರಿಕರ್ಮಗಳು, ಭಿನ್ನರಾಶಿ, ತ್ರೈರಾಶಿಕ, ಮಿಶ್ರ ವ್ಯವಹಾರ, ಕ್ಷೇತ್ರಗಣಿತ, ಅಗೆತದ ಲೆಕ್ಕ, ನೆರಳಿನ ಲೆಕ್ಕ ಮುಂತಾದ ಒಂಬತ್ತು ವಿಭಾಗಗಳಲ್ಲಿ ಗಣಿತವನ್ನೇ ಸ್ವತಂತ್ರ ವಿಷಯವಾಗಿ ನಿರೂಪಿಸಿದನು. ಸಾವಿರಕ್ಕೂ ಮಿಕ್ಕಿದ ಪದ್ಯಗಳ ಈ ಕೃತಿಯಲ್ಲಿ ಸೂತ್ರಗಳ ಜೊತೆಜೊತೆಗೇ ಉದ್ದೇಶಕಗಳು ಹೆಣೆದುಕೊಂಡಿವೆ.

ಅವುಗಳಲ್ಲಿ ಪ್ರಸಿದ್ಧವಾದ ಒಂದನ್ನು ಸಮೀಪದಿಂದ ನೋಡಿದರೆ ಕಿರುಲೆಕ್ಕದ ಶಕ್ತಿ ತಿಳಿಯುತ್ತದೆ. ಮೂವರು ವರ್ತಕರಿಗೆ ದಾರಿಯಲ್ಲಿ ಹಣದ ಗಂಟೊಂದು ಕಾಣುತ್ತದೆ. ಅದು ತನಗೆ ಸಿಕ್ಕರೆ ಉಳಿದಿಬ್ಬರ ಕೈಯಲ್ಲಿರುವ ಒಟ್ಟು ಹಣದ ಇಮ್ಮಡಿ ತನ್ನಲ್ಲಿರುತ್ತದೆ ಎಂದು ಮೊದಲನೆಯವನೂ, ಮುಮ್ಮಡಿ ಇರುತ್ತದೆ ಎಂದು ಎರಡನೆಯವನೂ, ಐದು ಮಡಿ ಇರುತ್ತದೆ ಎಂದು ಮೂರನೆಯವನೂ ಹೇಳುತ್ತಾರೆ. ಹಾಗಾದರೆ ಗಂಟಿನಲ್ಲಿರುವುದೆಷ್ಟು, ಒಬ್ಬೊಬ್ಬರಲ್ಲಿರುವುದೆಷ್ಟು ಎಂಬುದು ಪ್ರಶ್ನೆ. ಇಲ್ಲಿ ತಿಳಿಯಬೇಕಾದ ಮೊತ್ತಗಳು ನಾಲ್ಕು, ಕೊಟ್ಟಿರುವ ಹೇಳಿಕೆಗಳು ಮೂರು, ಹಣದ ಮೊತ್ತ ಒಂದನ್ನೂ ಹೇಳಿಲ್ಲ. ಆದ್ದರಿಂದ ಮೊದಲ ನೋಟಕ್ಕೆ ಲೆಕ್ಕವೇ ಅಪೂರ್ಣವೆಂದು ತೋರುತ್ತದೆ.

ದಾರಿ ತೆರೆಯುವುದು ಗಂಟನ್ನೂ ಸೇರಿಸಿ ಎಲ್ಲ ಹಣವನ್ನು ಒಂದು ರಾಶಿಯೆಂದು ಭಾವಿಸಿದಾಗ. ಮೊದಲನೆಯವನ ಮಾತಿನಂತೆ ಅವನದು ಎರಡು ಪಾಲು, ಉಳಿದಿಬ್ಬರದು ಒಂದು ಪಾಲು, ಎಂದರೆ ಆ ಇಬ್ಬರಲ್ಲಿರುವುದು ರಾಶಿಯ ಮೂರನೆಯ ಒಂದು ಭಾಗ. ಹಾಗೆಯೇ ಎರಡನೆಯವನನ್ನು ಬಿಟ್ಟು ಉಳಿದವರಲ್ಲಿ ನಾಲ್ಕನೆಯ ಒಂದು ಭಾಗ, ಮೂರನೆಯವನನ್ನು ಬಿಟ್ಟು ಉಳಿದವರಲ್ಲಿ ಆರನೆಯ ಒಂದು ಭಾಗ. ರಾಶಿಯನ್ನು 24 ಎಂದು ಹಿಡಿದರೆ ಈ ಜೋಡಿಗಳ ಮೊತ್ತ ಕ್ರಮವಾಗಿ 8, 6 ಮತ್ತು 4 ಆಗುತ್ತದೆ. ಇವನ್ನು ಕೂಡಿಸಿದಾಗ ಬರುವ 18ರಲ್ಲಿ ಪ್ರತಿಯೊಬ್ಬನ ಹಣವೂ ಎರಡು ಸಲ ಸೇರಿರುವುದರಿಂದ ಮೂವರ ಹಣ 9, ಗಂಟಿನ ಹಣ 15, ವರ್ತಕರಲ್ಲಿರುವುದು 1, 3 ಮತ್ತು 5. ಆದರೆ ರಾಶಿಯನ್ನು 48 ಎಂದು ಹಿಡಿದರೂ ಅಷ್ಟೇ ಸರಿಯಾದ ಇನ್ನೊಂದು ಉತ್ತರ ದೊರೆಯುತ್ತದೆ. ಲೆಕ್ಕಕ್ಕೆ ಒಂದೇ ಉತ್ತರವಿರಬೇಕೆಂಬ ನಂಬಿಕೆ ಇಲ್ಲಿ ಸಡಿಲಗೊಂಡು, ಮೊತ್ತಗಳು ಬದಲಾದರೂ ಅವುಗಳ ನಡುವಣ ಪ್ರಮಾಣ ಬದಲಾಗದು ಎಂಬ ಆಳವಾದ ವಿಚಾರಕ್ಕೆ ವಿದ್ಯಾರ್ಥಿ ತಾನಾಗಿಯೇ ಬಂದು ಮುಟ್ಟುತ್ತಾನೆ. ಇಟಲಿಯ ಪೀಸಾ ನಗರದ ಲಿಯೊನಾರ್ಡೊ 1202ರಲ್ಲಿ ಬರೆದ ಲಿಬರ್ ಅಬಾಚಿ ಎಂಬ ಗ್ರಂಥದಲ್ಲಿಯೂ ಸಿಕ್ಕಿದ ಹಣದ ಚೀಲದ ಲೆಕ್ಕಗಳಿರುವುದು ಈ ಬಗೆಯ ಪ್ರಶ್ನೆಗೆ ದೇಶಕಾಲಗಳನ್ನು ಮೀರಿದ ಆಕರ್ಷಣೆ ಇತ್ತೆಂಬುದಕ್ಕೆ ಸಾಕ್ಷಿಯಾಗಿದೆ.

ಮಹಾವೀರನ ಇನ್ನು ಕೆಲವು ಲೆಕ್ಕಗಳಲ್ಲಿ ಪ್ರಶ್ನೆ ಕೇವಲ ಒಂದು ಗುಣಾಕಾರ. ಕುತೂಹಲ ಹುಟ್ಟುವುದು ಉತ್ತರದ ರೂಪದಲ್ಲಿ. 139ನ್ನು 109ರಿಂದ ಗುಣಿಸಿದರೆ 15151, 12345679ನ್ನು 9ರಿಂದ ಗುಣಿಸಿದರೆ 111111111, 27994681ನ್ನು 441ರಿಂದ ಗುಣಿಸಿದರೆ 12345654321 ಬರುತ್ತದೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಇಂಥ ಸಂಖ್ಯೆಗಳನ್ನು ಅವನು ಕೊರಳಿನ ಹಾರಕ್ಕೆ ಹೋಲಿಸಿ ಕರೆದಿದ್ದಾನೆ. ಗುಣಾಕಾರವನ್ನು ಕಲಿಸುವುದಷ್ಟೇ ಗುರಿಯಾಗಿದ್ದರೆ ಯಾವ ಸಂಖ್ಯೆಯಾದರೂ ಸಾಕಾಗುತ್ತಿತ್ತು. ಇವನ್ನು ಹುಡುಕಿ ತೆಗೆಯಬೇಕಾದರೆ ಬೇಕಾದ ಉತ್ತರದಿಂದ ಹಿಂದಕ್ಕೆ ನಡೆದು ಅದರ ಅಪವರ್ತನಗಳನ್ನು, ಎಂದರೆ ಅದನ್ನು ನಿಶ್ಶೇಷವಾಗಿ ಭಾಗಿಸುವ ಸಂಖ್ಯೆಗಳನ್ನು, ಕಂಡುಕೊಳ್ಳಬೇಕು. ಹೀಗೆ ಶಿಷ್ಯನ ಪಾಲಿಗೆ ಸರಳವಾದ ಲೆಕ್ಕದ ಹಿಂದೆ ಗುರುವಿನ ಕಠಿಣವಾದ ಶೋಧನೆ ಇರುತ್ತಿತ್ತು. ಅಂಶದಲ್ಲಿ 1 ಇರುವ ಭಿನ್ನರಾಶಿಗಳನ್ನು ಮಾತ್ರ ಕೂಡಿಸಿ ಮೊತ್ತ 1 ಬರುವಂತೆ ಮಾಡುವ ಅವನ ವಿಧಾನವೂ ಇದೇ ಜಾತಿಯದು. ಅದರಂತೆ ನಾಲ್ಕು ಪದಗಳು ಬೇಕಾದರೆ ಛೇದಗಳು 2, 3, 9 ಮತ್ತು 18 ಆಗುತ್ತವೆ.

ಸುಮಾರು 300 ವರ್ಷಗಳ ನಂತರ, 1150ರಲ್ಲಿ, ಎರಡನೆಯ ಭಾಸ್ಕರನ ಲೀಲಾವತಿ ಮತ್ತು ಬೀಜಗಣಿತಗಳು ಬಂದಾಗ ಕಿರುಲೆಕ್ಕವು ಇನ್ನಷ್ಟು ಬಿಗಿಯಾಯಿತು. 32 ಮೊಳದ ಬಿದಿರು ಗಾಳಿಗೆ ಮುರಿದು, ಅದರ ತುದಿ ಬುಡದಿಂದ 16 ಮೊಳ ದೂರದಲ್ಲಿ ನೆಲ ಮುಟ್ಟಿದರೆ ಅದು ಮುರಿದದ್ದು ಎಷ್ಟು ಎತ್ತರದಲ್ಲಿ ಎಂಬ ಲೆಕ್ಕಕ್ಕೆ ಉತ್ತರ 12 ಮೊಳ. ನೀರಿನ ಮೇಲೆ ಅರ್ಧ ಮೊಳ ಎದ್ದಿದ್ದ ತಾವರೆ ಗಾಳಿಗೆ ಬಾಗಿ ಎರಡು ಮೊಳ ಆಚೆಗೆ ಮುಳುಗಿದರೆ ಕೊಳದ ಆಳ ಮೂರೂಮುಕ್ಕಾಲು ಮೊಳ. ಬಿದಿರು, ತಾವರೆಗಳ ಲೆಕ್ಕಗಳು ಒಂದನೆಯ ಭಾಸ್ಕರನ ಭಾಷ್ಯದಲ್ಲಿಯೇ ಇದ್ದವು. ಅಲ್ಲಿನ ಗಿಡುಗ ಮತ್ತು ಇಲಿಯ ಲೆಕ್ಕದ ಜಾಗದಲ್ಲಿ ಲೀಲಾವತಿಯಲ್ಲಿ ನವಿಲು ಮತ್ತು ಹಾವು ಬಂದಿವೆ. ಐನೂರು ವರ್ಷ ಕಳೆದರೂ ಲಂಬಕೋನ ತ್ರಿಭುಜದ ಭುಜಗಳ ಸಂಬಂಧವನ್ನು ಕಲಿಸಲು ಇವಕ್ಕಿಂತ ಒಳ್ಳೆಯ ಪ್ರಶ್ನೆಗಳು ಬೇಕೆಂದು ಅನ್ನಿಸಲಿಲ್ಲ. ಚಿತ್ರದಲ್ಲಿ ಎಲ್ಲಿಯೂ ಕಾಣದ ತ್ರಿಭುಜವನ್ನು ವಿದ್ಯಾರ್ಥಿಯೇ ಮನಸ್ಸಿನಲ್ಲಿ ಎಳೆದುಕೊಳ್ಳಬೇಕಾಗಿದ್ದುದೇ ಅವುಗಳ ಬಾಳಿಕೆಗೆ ಕಾರಣ.

ಕಿರುಲೆಕ್ಕವು ಸೂತ್ರವನ್ನೇ ಪರೀಕ್ಷಿಸಬಲ್ಲದು ಎಂಬುದಕ್ಕೆ ಸೊನ್ನೆಯ ಚರಿತ್ರೆ ನಿದರ್ಶನವಾಗಿದೆ. ಯಾವುದೇ ಸಂಖ್ಯೆಯನ್ನು ಸೊನ್ನೆಯಿಂದ ಗುಣಿಸಿದರೆ ಸೊನ್ನೆ ಬರುತ್ತದೆ ಎಂದು ಸರಿಯಾಗಿ ಹೇಳಿದ ಮಹಾವೀರನು, ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗುವುದಿಲ್ಲ ಎಂದೂ ಹೇಳಿದನು. ಇದಕ್ಕೆ ಪ್ರತ್ಯಯವನ್ನು ಅನ್ವಯಿಸಿ, ಬಂದ ಭಾಗಲಬ್ಧವನ್ನು ಮತ್ತೆ ಸೊನ್ನೆಯಿಂದ ಗುಣಿಸಿದರೆ ಮೂಲ ಸಂಖ್ಯೆ ಮರಳಿ ಬರುವುದಿಲ್ಲವಾದ್ದರಿಂದ ಆ ನಿಯಮ ನಿಲ್ಲುವುದಿಲ್ಲ. ಎರಡನೆಯ ಭಾಸ್ಕರನು ಇಂಥ ರಾಶಿಯನ್ನು ಖಹರ, ಎಂದರೆ ಸೊನ್ನೆಯನ್ನು ಛೇದವಾಗಿ ಉಳ್ಳದ್ದು, ಎಂದು ಬೇರೆಯಾಗಿ ಗುರುತಿಸಿದ್ದಲ್ಲದೆ ಒಂದು ಸಾಹಸದ ಲೆಕ್ಕವನ್ನೂ ಮುಂದಿಟ್ಟನು: ಯಾವ ಸಂಖ್ಯೆಯನ್ನು ಸೊನ್ನೆಯಿಂದ ಗುಣಿಸಿ, ಅದರ ಅರ್ಧವನ್ನು ಅದಕ್ಕೇ ಕೂಡಿಸಿ, ಮೂರರಿಂದ ಗುಣಿಸಿ, ಸೊನ್ನೆಯಿಂದ ಭಾಗಿಸಿದರೆ 63 ಬರುತ್ತದೆ? ಗುಣಕವಾದ ಸೊನ್ನೆಯನ್ನೂ ಭಾಜಕವಾದ ಸೊನ್ನೆಯನ್ನೂ ಪರಸ್ಪರ ತೆಗೆದುಹಾಕಬಹುದೆಂದು ಒಪ್ಪಿದರೆ ಉತ್ತರ 14. ಹಾಗೆ ಒಪ್ಪಬಹುದೇ ಎಂಬ ಪ್ರಶ್ನೆ ಕಲನಶಾಸ್ತ್ರದ ಬಾಗಿಲಿಗೇ ಕರೆದೊಯ್ಯುವಂಥದು. ಅದು ಎದ್ದದ್ದು ಶಿಷ್ಯರಿಗಾಗಿ ಬರೆದ ಒಂದು ಅಭ್ಯಾಸದ ಲೆಕ್ಕದಲ್ಲಿ.

ಸಂಸ್ಕೃತದಲ್ಲಿದ್ದ ಈ ವಿದ್ಯೆ ದೇಶಭಾಷೆಗಳಿಗೆ ಇಳಿದು ಬಂದದ್ದು ಇನ್ನೊಂದು ಮುಖ್ಯ ಘಟ್ಟ. 11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಗಣಿತಸಾರಸಂಗ್ರಹವನ್ನು ತೆಲುಗಿಗೆ ತಂದನು. 12ನೆಯ ಶತಮಾನದಲ್ಲಿ ರಾಜಾದಿತ್ಯನೆಂಬ ಜೈನಕವಿ ವ್ಯವಹಾರಗಣಿತ, ಕ್ಷೇತ್ರಗಣಿತ, ಚಿತ್ರಹಸುಗೆ ಮೊದಲಾದ ಕೃತಿಗಳನ್ನು ರಚಿಸಿ ಕನ್ನಡದಲ್ಲಿ ಗಣಿತ ಬರೆದವರಲ್ಲಿ ಮೊದಲಿಗನೆನಿಸಿದನು. ಅಳತೆ, ತೂಕ, ಬಡ್ಡಿ, ಪಾಲುಗಾರಿಕೆಗಳ ಲೆಕ್ಕವನ್ನು ಜನರಾಡುವ ನುಡಿಯಲ್ಲಿ ಹೇಳಿದಾಗ ಅದು ಶಾಸ್ತ್ರ ಬಲ್ಲವರ ಸೊತ್ತಾಗಿಯೇ ಉಳಿಯದೆ ಹೊಲ ಅಳೆಯುವವನಿಗೂ ಅಂಗಡಿ ನಡೆಸುವವನಿಗೂ ಎಟುಕುವಂತಾಯಿತು. ಮುಂದೆ ಹಳ್ಳಿಗಳ ಕೂಲಿಮಠಗಳಲ್ಲಿ ಮಕ್ಕಳು ಮಗ್ಗಿಯನ್ನು ಒಪ್ಪಿಸುತ್ತ, ಕಾಲು, ಅರೆ, ಮುಕ್ಕಾಲುಗಳ ಕೋಷ್ಟಕಗಳನ್ನು ಬಾಯಿಪಾಠ ಮಾಡುತ್ತ, ಬರೆಯದೆಯೇ ಬಿಡಿಸುವ ಬಾಯಿಲೆಕ್ಕದಲ್ಲಿ ಪಳಗುತ್ತಿದ್ದುದು ಇದೇ ಮೌಖಿಕ ಶಿಕ್ಷಣಕ್ರಮದ ಮುಂದುವರಿಕೆ.

ಗಣಿತಸಾರಸಂಗ್ರಹವನ್ನು ಕಾಪಾಡಿದ್ದರಲ್ಲಿಯೂ ಕನ್ನಡನಾಡಿನ ಪಾಲು ಹಿರಿದು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಸಂಸ್ಕೃತ ಪ್ರಾಧ್ಯಾಪಕರಾಗಿದ್ದ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಅದನ್ನು ಪ್ರಕಟಿಸಿದಾಗ ಅವರಿಗೆ ನೆರವಾದ ಪ್ರತಿಗಳಲ್ಲಿ ಹಲವು ಕನ್ನಡ ಲಿಪಿಯವು. ಒಂದರ ಮೂಲ ಮೂಡುಬಿದಿರೆಯ ಜೈನಮಠದಲ್ಲಿತ್ತು, ಮೈಸೂರಿನ ಪ್ರಾಚ್ಯ ಗ್ರಂಥಾಲಯದಿಂದ ಬಂದ ಇನ್ನೊಂದರಲ್ಲಿ ವಲ್ಲಭನೆಂಬುವನು ಬರೆದ ಕನ್ನಡ ಟೀಕೆಯೂ ಇತ್ತು. ಸಾವಿರ ವರ್ಷಗಳ ಕಾಲ ಓಲೆಯ ಮೇಲೆ ಮತ್ತೆ ಮತ್ತೆ ನಕಲು ಮಾಡಿ ಈ ಲೆಕ್ಕಗಳನ್ನು ಉಳಿಸಿಕೊಂಡವರು ಅವುಗಳನ್ನು ಓದಿದವರು ಮತ್ತು ಓದಿಸಿದವರು.

ಅಚ್ಚಿನ ಪುಸ್ತಕ ಮತ್ತು ಲಿಖಿತ ಪರೀಕ್ಷೆಗಳು ಬಂದ ಮೇಲೆ ಒಂದು ನಿಯಮದ ಕೆಳಗೆ ಒಂದೇ ಅಚ್ಚಿನ ಹತ್ತಾರು ಲೆಕ್ಕಗಳನ್ನು ಕೊಡುವ ರೂಢಿ ಬೆಳೆಯಿತು. ಕೈ ಪಳಗಲು ಅದೂ ಅಗತ್ಯವೇ. ಆದರೆ ಅದರ ನಡುವೆ, ಓದಲು ಅರ್ಧ ನಿಮಿಷ ಹಿಡಿಯುವ, ಯೋಚಿಸಲು ಒಂದು ಸಂಜೆಯನ್ನೇ ಬೇಡುವ ಲೆಕ್ಕಕ್ಕೆ ಜಾಗ ಕಿರಿದಾಗಿದೆ. ಉದ್ದೇಶಕಗಳ ಇತಿಹಾಸದಿಂದ ಇಂದಿನ ಶಿಕ್ಷಕರು ಪಡೆಯಬಹುದಾದ ತಿಳಿವು ಖಚಿತವಾಗಿದೆ: ಒಳ್ಳೆಯ ಕಿರುಲೆಕ್ಕವನ್ನು ಕಟ್ಟುವುದು ಸೂತ್ರವನ್ನು ಕಟ್ಟುವಷ್ಟೇ ಗಂಭೀರವಾದ ಗಣಿತಕಾರ್ಯ, ಮತ್ತು ಉತ್ತರವನ್ನು ತಾಳೆ ನೋಡದ ತನಕ ಲೆಕ್ಕ ಮುಗಿದಂತಾಗುವುದಿಲ್ಲ. ವರ್ತಕರ ಗಂಟು, ಮುರಿದ ಬಿದಿರು, ಸೊನ್ನೆಯ ಲೆಕ್ಕಗಳನ್ನು ಇಂದಿನ ತರಗತಿಯ ಕರಿಹಲಗೆಯ ಮೇಲೆ ಒಂದೊಂದಾಗಿ ಬರೆದು, ಮಕ್ಕಳಿಗೆ ಸಾಕಷ್ಟು ಸಮಯ ಕೊಟ್ಟು, ಅವರ ಉತ್ತರಗಳೆಲ್ಲವನ್ನೂ ಅವರಿಂದಲೇ ತಾಳೆ ನೋಡಿಸಿದರೆ, ಮಹಾವೀರಾಚಾರ್ಯನ ಕೃತಿಗೆ ಅದನ್ನು ಬರೆದ ಉದ್ದೇಶದಲ್ಲಿಯೇ ಮತ್ತೆ ಬಳಕೆ ದೊರೆಯುತ್ತದೆ.