ಬಾಗಿಲ ಬಣ್ಣದೊಳಗಿನ ಸೀಸ

ಗವಿಸಿದ್ಧೇಶ್ವರ ಜಾತ್ರೆ ಹತ್ತಿರ ಬಂದಿತ್ತು. ಬೀಗರು ಬಿಜ್ಜರು ಬರುವ ದಿನಗಳು. ಕೊಪ್ಪಳದ ನಮ್ಮ ಹಳೆಯ ಮಾಳಿಗೆಮನೆಯ ತಲಬಾಗಿಲಿಗೆ ಹೊಸ ಬಣ್ಣ ಕೊಡಿಸೋಣವೆಂದು ಹೊರಟೆ. ಬಣ್ಣದ ಕೆಲಸದ ಹುಡುಗ ಬಂದವನೇ ಉಪ್ಪುಕಾಗದ ತೆಗೆದು ಉಜ್ಜತೊಡಗಿದ. ಮೇಲೆ ಹಸಿರು, ಅದರಡಿ ಹಳದಿ, ಅದರಡಿ ಬಿಳಿ. ಮೂರು ತಲೆಮಾರಿನ ಬಣ್ಣ ಧೂಳಾಗಿ ಪಡಸಾಲೆಗೆ ಇಳಿಯಿತು. ಅಂಬೆಗಾಲಿಡುವ ಮೊಮ್ಮಗಳು ಆ ಧೂಳಿನಲ್ಲಿ ಕೈಯೂರಿ, ಅದೇ ಕೈಯನ್ನು ಬಾಯಿಗಿಟ್ಟಳು.

"ನಿಂದರಸು ತಮ್ಮಾ" ಎಂದೆ.

"ಯಾಕ್ರೀ ಅಜ್ಜಾರ? ಹಳೇದು ತೆಗೀದಿದ್ರ ಹೊಸಾದು ಹಿಡಿಯೂದಿಲ್ಲರೀ" ಎಂದ.

ಅವನ ಕಸಬಿನ ಮಟ್ಟಿಗೆ ಅವನ ಮಾತು ಸರಿಯೇ. ನನ್ನ ಅಂಜಿಕೆಗೆ ಮಾತ್ರ ಒಂದು ಇತಿಹಾಸವಿದೆ.

ನಮ್ಮ ಸೀಮೆಗೆ ಬಣ್ಣ ಹೊಸದಲ್ಲ. ಗಂಗಾವತಿ ತಾಲ್ಲೂಕಿನ ಆನೆಗೊಂದಿಯಲ್ಲಿ ಹುಚ್ಚಪ್ಪಯ್ಯನ ಮಠದ ಛತ್ತಿನ ಮೇಲೆ ಹಳೆಯ ಚಿತ್ರಗಳಿವೆ. ಕೊಪ್ಪಳದ ಮಗ್ಗುಲಿನ ಕಿನ್ನಾಳದಲ್ಲಿ ಚಿತ್ರಗಾರರು ಹಗುರ ಮರದ ಗೊಂಬೆಗಳಿಗೆ ಬಣ್ಣ ತುಂಬುತ್ತ ಬಂದಿದ್ದಾರೆ. ಆದರೆ ಕುಷ್ಟಗಿ, ಯಲಬುರ್ಗಿಗಳ ಸಾಮಾನ್ಯ ಮನೆಗೆ ಬಣ್ಣವೆಂದರೆ ಸುಣ್ಣ ಮತ್ತು ಜಾಜು. ಸುಣ್ಣ ಕಲ್ಲನ್ನು ಸುಟ್ಟದ್ದು. ಜಾಜಿನ ಕೆಂಪು ಕಬ್ಬಿಣದ ಅಂಶದಿಂದ ಬಂದದ್ದು. ಹಾಗೆಂದು ಹಳೆಯದೆಲ್ಲ ನಿರಪಾಯವೆನ್ನಲಾಗದು. ಸಿಂಧೂರವೆಂಬ ಕೆಂಪು ಸೀಸವನ್ನು ಕಾಸಿ ಮಾಡಿದ ಬಣ್ಣ. ನಮ್ಮ ವೈದ್ಯಗ್ರಂಥಗಳು ಸೀಸಕ್ಕೆ 'ನಾಗ' ಎಂದೇ ಹೆಸರಿಟ್ಟಿವೆ. ಆದರೆ ಆ ಕೆಂಪು ಚಿತ್ರಕಾರನ ಕುಂಚದ ತುದಿಯಲ್ಲಿತ್ತೇ ಹೊರತು ಮನೆಯ ಕದದ ಮೇಲೆಲ್ಲ ಹರಡಿರಲಿಲ್ಲ.

ಸೀಸವನ್ನು ಕದಕ್ಕೂ ಕಿಟಕಿಗೂ ತಂದದ್ದು ಡಬ್ಬಿಯ ಎಣ್ಣೆಬಣ್ಣ. ಸೀಸದ ಬಿಳಿ ಮರವನ್ನು ಚೆನ್ನಾಗಿ ಮುಚ್ಚುತ್ತಿತ್ತು. ಸೀಸದ ಹಳದಿ ಬಿಸಿಲಿಗೆ ಮಿರುಗುತ್ತಿತ್ತು. ಸೀಸದ ಕೆಂಪು ಕಿಟಕಿಯ ಸರಳಿಗೆ ತುಕ್ಕು ಹಿಡಿಯದಂತೆ ಕಾಯುತ್ತಿತ್ತು. ಕಾಯುವ ಗುಣವೇ ಅದನ್ನು ಜನಪ್ರಿಯವಾಗಿಸಿತು.

ಇದರ ಗುಟ್ಟು ಮೊದಲು ಬಯಲಾದದ್ದು ಆಸ್ಟ್ರೇಲಿಯದ ಬ್ರಿಸ್ಬೇನಿನಲ್ಲಿ. ಅಲ್ಲಿಯೂ ಬಿಸಿಲು ಹೆಚ್ಚು, ಮರದ ಜಗಲಿಗಳು ಹೆಚ್ಚು. ಬಿಸಿಲಿಗೆ ಪುಡಿಯಾದ ಕಟಕಟೆಯ ಬಣ್ಣವು ಆಡುವ ಮಕ್ಕಳ ಕೈಗೆ ಹತ್ತಿ, ಉಗುರು ಕಚ್ಚುವಾಗ ಹೊಟ್ಟೆ ಸೇರುತ್ತಿದೆಯೆಂದು ನೇತ್ರವೈದ್ಯ ಲಾಕ್‌ಹಾರ್ಟ್ ಗಿಬ್ಸನ್ 1904ರಲ್ಲಿ ಬರೆದರು. 1909ರಲ್ಲಿ ಫ್ರಾನ್ಸ್ ಸೀಸದ ಬಿಳಿಯನ್ನು ನಿಷೇಧಿಸುವ ಕಾನೂನು ಮಾಡಿತು. 1921ರಲ್ಲಿ ಜಿನೀವಾದ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನವು ಮನೆಗಳ ಒಳಭಾಗಕ್ಕೆ ಅದನ್ನು ಬಳಿಯಬಾರದೆಂಬ ಒಡಂಬಡಿಕೆ ಮಾಡಿತು. ಅಮೆರಿಕ ಎಚ್ಚೆತ್ತದ್ದು 1978ರಲ್ಲಿ. ನಮ್ಮಲ್ಲಿ ಬೆಂಗಳೂರಿನ ಡಾ. ತುಪ್ಪಿಲ್ ವೆಂಕಟೇಶರಂಥವರು ಬಹುಕಾಲ ಕೂಗಿ ಹೇಳಿದರು. ಹತ್ತು ಲಕ್ಷ ಭಾಗ ಬಣ್ಣದಲ್ಲಿ ಸೀಸ 90 ಭಾಗ ಮೀರಬಾರದೆಂಬ ಕೇಂದ್ರದ ನಿಯಮ 2016ರಲ್ಲಿ ಹೊರಟು, 2017ರ ನವೆಂಬರ್ 1ರಿಂದ ಜಾರಿಗೆ ಬಂತು. ಗಿಬ್ಸನ್ನರ ಬರಹಕ್ಕೂ ಇದಕ್ಕೂ ನಡುವೆ 113 ವರ್ಷ!

ಆದರೆ ಕಾನೂನು ಅಂಗಡಿಯ ಡಬ್ಬಿಯನ್ನು ನೋಡುತ್ತದೆ. ನಮ್ಮಜ್ಜ ಬಳಿಸಿದ ಬಾಗಿಲನ್ನು ನೋಡುವುದಿಲ್ಲ. ಅದನ್ನು ನೋಡಬೇಕಾದವರು ನಾವೇ. ಎಳೆಯ ಮಗುವಿನ ಹೊಟ್ಟೆ ಸೇರಿದ ಸೀಸದಲ್ಲಿ ರಕ್ತಕ್ಕೆ ಇಳಿಯುವ ಪಾಲು ದೊಡ್ಡವರದಕ್ಕಿಂತ ನಾಲ್ಕೈದು ಪಟ್ಟು ಹೆಚ್ಚಾದೀತು. ಅದು ಕೆಡಿಸುವುದು ಬೆಳೆಯುವ ಮಿದುಳನ್ನು. ಇಷ್ಟಾದರೆ ಬಾಧಕವಿಲ್ಲ ಎನ್ನುವ ಪ್ರಮಾಣವೇ ಗೊತ್ತಾಗಿಲ್ಲ.

ಬಣ್ಣದಲ್ಲಿ ಸೀಸವುಂಟೋ ಇಲ್ಲವೋ ಪ್ರಯೋಗಶಾಲೆ ಹೇಳಬೇಕು, ಕಣ್ಣು ಹೇಳಲಾರದು. ಆದ್ದರಿಂದ ಹಳೆಯ ಎಣ್ಣೆಬಣ್ಣವನ್ನು ಸೀಸವುಳ್ಳದ್ದೆಂದೇ ತಿಳಿಯುವುದು ಜಾಣತನ. ಗಟ್ಟಿಯಾಗಿ ಕುಳಿತ ಬಣ್ಣವನ್ನು ಕೆದಕದೆ ಅದರ ಮೇಲೆಯೇ ಹೊಸದನ್ನು ಬಳಿಯಬಹುದು. ಹಕ್ಕಳೆ ಎದ್ದುದನ್ನು, ಕದ ಚೌಕಟ್ಟಿಗೆ ತಿಕ್ಕುವ ಕಡೆಯ ಬಣ್ಣವನ್ನು ತೆಗೆಯಲೇಬೇಕು. ಆದರೆ ಒಣಗಿದಂತೆ ಉಜ್ಜಬಾರದು, ಬೆಂಕಿಯ ಉರಿಯಿಂದ ಸುಡಬಾರದು. ನೀರು ಚಿಮುಕಿಸಿ ಹಸಿಯಾಗಿಯೇ ಹೆರೆಯಬೇಕು. ಮಕ್ಕಳು, ಗರ್ಭಿಣಿಯರು ಆ ದಿನ ಬೇರೆ ಮನೆಯಲ್ಲಿರಲಿ. ನೆಲಕ್ಕೆ ಪ್ಲಾಸ್ಟಿಕ್ ಹಾಳೆ, ಕೆಲಸದವನ ಮುಖಕ್ಕೆ ಸೂಕ್ಷ್ಮ ಧೂಳನ್ನು ತಡೆಯುವ ಮಾಸ್ಕ್ ಬೇಕು, ಟವೆಲು ಸಾಲದು. ಕೊನೆಗೆ ಕಸಬರಿಗೆ ಹಿಡಿಯದೆ ಒದ್ದೆ ಬಟ್ಟೆಯಿಂದ ಮತ್ತೆ ಮತ್ತೆ ಒರಸಬೇಕು. ಬಣ್ಣ ಬಳಿದ ಹಳೆಯ ಕಟ್ಟಿಗೆಯನ್ನು ಬಚ್ಚಲ ಒಲೆಗೆ ಒಡ್ಡುವ ರೂಢಿ ನಮ್ಮಲ್ಲುಂಟು. ಅದೂ ನಿಲ್ಲಬೇಕು, ಸೀಸ ಹೊಗೆಯಲ್ಲಿಯೂ ಬರುತ್ತದೆ.

ಮೊಮ್ಮಗಳ ಕೈಯನ್ನು ಸಾಬೂನಿನಿಂದ ತೊಳೆಸಿ, ಅವಳನ್ನೂ ಸೊಸೆಯನ್ನೂ ತವರಿಗೆ ಕಳಿಸಿದೆ. ಮಗುವಿನ ರಕ್ತಪರೀಕ್ಷೆಯ ವಿಚಾರವನ್ನು ವೈದ್ಯರಲ್ಲಿ ಕೇಳಬೇಕೆಂದು ಹೇಳಿದೆ. ಹುಡುಗನಿಗೆ ಮಾಸ್ಕ್ ತರಿಸಿಕೊಟ್ಟು, ಒಂದು ದಿನದ ಕೂಲಿ ಹೆಚ್ಚು ಕೊಡುವೆನೆಂದೆ. ಅವನು ನೀರಿನ ಬಕೀಟು ಎತ್ತಿಕೊಳ್ಳುತ್ತ, "ನಮ್ಮನ್ಯಾಗೂ ಸಣ್ಣ ಕೂಸು ಐತ್ರೀ ಅಜ್ಜಾರ. ದಿನಾ ಇದ ಅಂಗಿಯಾಗ ಹೋಗಿ ಎತ್ಕೋತೀನ್ರೀ" ಎಂದ.

ನಾನು ನನ್ನ ಮನೆಯ ಕೂಸನ್ನಷ್ಟೇ ನೆನೆದಿದ್ದೆ. ಅಂದಿನಿಂದ ಅವನು ಸಂಜೆ ಕೈಕಾಲು ಮುಖ ತೊಳೆದು, ಕೆಲಸದ ಅಂಗಿಯನ್ನು ನಮ್ಮಲ್ಲಿಯೇ ಕಳಚಿಟ್ಟು ಮನೆಗೆ ಹೋಗುತ್ತಿದ್ದ. ಜಾತ್ರೆಯ ಹೊತ್ತಿಗೆ ಬಾಗಿಲು ಸಿದ್ಧವಾಯಿತು.